ಮಾರಿಯೋನ ಹಿಂದಿನ ಗುಡ್ಡ

ವಿಡಿಯೋ ಗೇಮಿನ ಮಾರಿಯೋ ಸಾಯಲಿಕ್ಕೆ ನೂರೆಂಟು ದಾರಿಗಳಿವೆ. ಆಮೆ ತಾಗಿದರೆ ಸಾಯುತ್ತಾನೆ, ಅಣಬೆಯಂಥ ಪ್ರಾಣಿ ಎದುರಾದರೆ ಸಾಯುತ್ತಾನೆ, ಹೊಂಡಕ್ಕೆ ಬಿದ್ದರೆ ಸಾಯುತ್ತಾನೆ, ಬೆಂಕಿಯುಂಡೆ ಬಡಿದರೆ ಸಾಯುತ್ತಾನೆ. ಇದ್ಯಾವುದೂ ಆಗದೆ ತಣ್ಣಗೆ ಒಂದು ಕಡೆ ನಿಂತುಕೊಂಡನೆನ್ನಿ, ಮೇಲಿನ ಮೂಲೆಯ ಗಡಿಯಾರ ಸೊನ್ನೆಗಿಳಿದು ಆಗಲೂ ಸಾಯುತ್ತಾನೆ. ನನ್ನ ಕೈಗೆ ಸಿಕ್ಕಾಗಲೆಲ್ಲ ಪಾಪದವನು ಹೆಚ್ಚಾಗಿ ಈ ಕೊನೆಯ ದಾರಿಯಲ್ಲೇ ಹೋಗುತ್ತಿದ್ದ. ಅವನನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ ನಾನು ಹಿಂದಿನ ಮೋಡ ನೋಡುತ್ತಿದ್ದೆ.

"ಯಾಕಲೇ ನಿಂತಿ? ಜಿಗಿ!" ಎಂದು ಚಿಗವ್ವನ ಮಗ ಚೀರುತ್ತಿದ್ದ. ಆಟದ ಪೆಟ್ಟಿಗೆ ಅವನದು, ಚೀರುವ ಹಕ್ಕೂ ಅವನದೇ. ಹುಬ್ಬಳ್ಳಿಯಿಂದ ದೀಪಾವಳಿ ಸೂಟಿಗೆ ಬಮ್ಮಿಗಟ್ಟಿಗೆ ಬರುವಾಗ ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದ. ತೊಂಬತ್ತರ ದಶಕದ ಮಾತು. ಅಸಲು ಯಂತ್ರ ಜಪಾನಿನ ನಿಂಟೆಂಡೋ ಕಂಪನಿಯವರು 1983ರಲ್ಲಿ ತಂದ ಫ್ಯಾಮಿಕಾಮ್. ನಮಗೆ ಸಿಕ್ಕಿದ್ದು ಅದರ ಬೇನಾಮಿ ಸಂಬಂಧಿಕ. ಅದರೊಳಗೆ ಹಳದಿ ಬಣ್ಣದ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಒಂಬತ್ತರ ಮುಂದೆ ಒಂಬತ್ತು ಬರೆದು, ಜಾಗ ಮುಗಿದಾಗ ನಿಲ್ಲಿಸಿದ್ದರು. ಅಷ್ಟು ಆಟ ಇವೆಯಂತೆ! ತೆರೆದು ನೋಡಿದರೆ ಇದ್ದವು ಬೆರಳೆಣಿಕೆಯವು. ಅವೇ ಬೇರೆ ಬೇರೆ ಹೆಸರು ಇಟ್ಟುಕೊಂಡು ಸರದಿಯಲ್ಲಿ ಮತ್ತೆ ಬಂದು ನಿಲ್ಲುತ್ತಿದ್ದವು. ನಮ್ಮ ಕಡೆ ಕೆಲವು ಹಾಜರಿ ಪಟ್ಟಿಗಳೂ ಹೀಗೇ ಇರುತ್ತವೆ ಅನ್ನಿ, ಆ ಮಾತು ಈಗ ಬೇಡ.

ಟಿವಿ ನಮ್ಮದು. ಕಪ್ಪು-ಬಿಳುಪಿನದು, ಮುಂದೆ ಮರದ ಶಟರು ಇದ್ದದ್ದು. ಮನೆಯಲ್ಲಿದ್ದ ಹುಡುಗರು ಹತ್ತು, ಆಡುವ ಹಿಡಿಕೆ ಎರಡು, ಕರೆಂಟು ಬರುವುದು ಅದರ ಮರ್ಜಿ. ಸರದಿ ಬರುವ ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು. ಬಂದರೂ ಕೈ ಓಡುತ್ತಿರಲಿಲ್ಲ. ಹಾಗಾಗಿ ಆಟ ನೋಡುವವರ ಗುಂಪಿನಲ್ಲೇ ನನ್ನ ಬಾಲ್ಯ ಕಳೆಯಿತು. ಆಡುವವನ ಕಣ್ಣು ಮೀಸೆಯ ಮಾರಿಯೋನ ಕಾಲಿನ ಮೇಲೆ ಇರಬೇಕು. ನೋಡುವವನ ಕಣ್ಣಿಗೆ ಅಂಥ ಕಟ್ಟು ಇಲ್ಲ, ಅದು ಎಲ್ಲಿ ಬೇಕಾದರೂ ಮೇಯಬಹುದು. ನನ್ನದು ಹಿಂದಿನ ಗುಡ್ಡದ ಮೇಲೆ ಮೇಯ್ದುಕೊಂಡಿತ್ತು.

ಅದೊಂದು ವಿಚಿತ್ರ ಗುಡ್ಡ. ಮಾರಿಯೋ ಅದರ ಮುಂದೆ ಓಡುತ್ತಾನೆ, ಏರುವುದಿಲ್ಲ. ಪೊದೆ ಇದೆ, ಹಾವು ಇಲ್ಲ, ಹಣ್ಣೂ ಇಲ್ಲ. ಮೋಡ ಇದೆ, ಹೊಡೆದರೆ ನಾಣ್ಯ ಉದುರುವುದಿಲ್ಲ. ಇಡೀ ಆ ಲೋಕದಲ್ಲಿ ಎದುರಿಗೆ ಬಂದದ್ದೆಲ್ಲ ಒಂದೋ ಕೊಡುತ್ತದೆ, ಇಲ್ಲ ಕೊಲ್ಲುತ್ತದೆ. ಕೊಡುವ-ಕೊಲ್ಲುವ ವ್ಯವಹಾರಕ್ಕೆ ಬರದೆ ತಮ್ಮ ಪಾಡಿಗೆ ಇದ್ದವು ಎಂದರೆ ಹಿಂದಿನ ಗುಡ್ಡ, ಪೊದೆ, ಮೋಡ, ಈ ಮೂರೇ. ಅಜ್ಜನಿಗೆ ಇದು ಸರಿ ಬರಲಿಲ್ಲ. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು ಒಂದು ಸಂಜೆ ಪೂರ್ತಿ ಕೂತು ನೋಡಿದ. ಕಡೆಗೆ ಕೇಳಿದ: "ಇಷ್ಟೊತ್ತು ಮಾಡ ಹೊಂಟಾವು, ಒಂದ್ ಹನಿ ಬೀಳವಲ್ದಲ್ಲೋ. ಆ ಗುಡ್ಡದ ಬುಡಕ ಯಾರ್ ಹೊಲಾ ಅದು? ಬೀಳ ಬಿಟ್ಟಾರಲ್ಲಾ!" ನಾವು ನಕ್ಕೆವು. ಬತ್ತ, ಹತ್ತಿ, ಗೋವಿನಜೋಳ ಬೆಳೆದು ಆಕಾಶ ನೋಡುತ್ತಲೇ ಕತ್ತು ಸವೆಸಿದ ಮನುಷ್ಯ. ಮಾರಿಯೋನ ಲೋಕದ ಹಿನ್ನೆಲೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ವಿಮರ್ಶಕನನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಅಜ್ಜನ ಪಕ್ಕ ಕೂತು ನೋಡುವಾಗಲೇ ನನಗೊಂದು ಗುಟ್ಟು ಸಿಕ್ಕಿತು. ಮೋಡವೂ ಪೊದೆಯೂ ಒಂದೇ ಆಕಾರ! ಮೇಲೆ ತೇಲಿದರೆ ಮೋಡ, ನೆಲಕ್ಕೆ ತಂದು ಸೊಂಟದವರೆಗೆ ಹುಗಿದರೆ ಪೊದೆ. ಬಣ್ಣದ ಟಿವಿ ಇದ್ದವರಿಗೆ ಇದು ಬೇಗ ಗೊತ್ತಾಗುವುದಿಲ್ಲ. ಮೇಲಿನದು ಬೆಳ್ಳಗೆ, ಕೆಳಗಿನದು ಹಸಿರು. ಬಣ್ಣ ಬೇರೆ ಆದ ಮೇಲೆ ಯಾರು ಆಕಾರ ಹೋಲಿಸುತ್ತ ಕೂಡುತ್ತಾರೆ? ನಮ್ಮ ಟಿವಿಯಲ್ಲಿ ಎಲ್ಲವೂ ಬೂದಿ. ಬಣ್ಣ ತೆಗೆದು ನೋಡಿದರೆ ಎರಡೂ ಅಣ್ಣತಮ್ಮಂದಿರು ಎಂದು ಎಳೆಯ ಕೂಸೂ ಹೇಳುತ್ತಿತ್ತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ 1985ರಲ್ಲಿ ಕಟ್ಟಿದ ಸೂಪರ್ ಮಾರಿಯೋ ಬ್ರದರ್ಸ್‌ನ ಈ ಕೈಚಳಕದ ಬಗ್ಗೆ ದೊಡ್ಡವರಾದ ಮೇಲೆ ಜನ ಬೆರಗಾಗಿ ಮಾತಾಡುವುದು ಕೇಳಿದ್ದೇನೆ. ನಾವು ಬಡತನದ ಪುಣ್ಯದಿಂದ ಅದನ್ನು ಪುಕ್ಕಟೆ ಕಂಡಿದ್ದೆವು.

ಹಾಗೆ ಮಾಡಲು ಅವರಿಗೆ ಕಾರಣ ಇತ್ತು. ಆ ಇಡೀ ಆಟ, ಎಂಟು ಲೋಕ, ಮೂವತ್ತೆರಡು ಹಂತ, ಹಾಡು, ಆಮೆ, ರಾಕ್ಷಸ, ರಾಜಕುಮಾರಿ ಎಲ್ಲ ಸೇರಿ ಹಿಡಿದಿದ್ದು 40 ಕಿಲೋಬೈಟಿನಲ್ಲಿ. ನಮ್ಮ ಓಣಿಯ ಹಿರಿಯರೊಬ್ಬರು ದಿನಾ ಬೆಳಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಗುಲಾಬಿ ಹೂವಿನ 'ಶುಭೋದಯ' ಇದಕ್ಕಿಂತ ಎಷ್ಟೋ ದಪ್ಪ. ಈ 40ರಲ್ಲಿ ಚಿತ್ರಗಳಿಗೆ ಸಿಕ್ಕ ಪಾಲು 8. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯೇ ಇಲ್ಲ, ಕರವಸ್ತ್ರ ಒಂದಿತ್ತು.

ಆ ಕರವಸ್ತ್ರದ ಮೇಲೆ ಗುಡ್ಡ ಬರೆದದ್ದು ಹೇಗೆ ಎಂಬುದನ್ನು ಯಾವ ಎಂಜಿನಿಯರಿಗಿಂತಲೂ ಚೆನ್ನಾಗಿ ನಮ್ಮ ಚಿಗವ್ವ ತಿಳಿದಿದ್ದಳು. ಆಕೆ ಕಸೂತಿ ಹಾಕುವವಳು. ಇಳಕಲ್ ಸೀರೆಯ ಸೆರಗನ್ನು ಮಂಡಿಯ ಮೇಲೆ ಹರವಿಕೊಂಡು, ಕಿಟಕಿಯ ಬೆಳಕಿಗೆ ಕೂತು, ಎಳೆ ಎಣಿಸಿ ಸೂಜಿ ಚುಚ್ಚುತ್ತಿದ್ದಳು. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎರಡು ಎಳೆ ಬಿಟ್ಟು ಚುಚ್ಚು, ನಾಲ್ಕು ಎಳೆ ದಾಟಿ ತೆಗೆ. ಲೆಕ್ಕವೇ ಚಿತ್ರ. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಅದರಲ್ಲಿ ಮೆಂತಿ ಅಂದರೆ ಅಡ್ಡ ಕತ್ತರಿ ಹಾಕಿದಂಥ ಸಣ್ಣ ಸಣ್ಣ ಗುರುತು. ಅಂಥ ಗುರುತುಗಳನ್ನೇ ಜೋಡಿಸಿ ಆನೆ ಅಂಬಾರಿ, ಗೋಪುರ, ತೇರು, ತುಳಸಿಕಟ್ಟೆ ಎಬ್ಬಿಸುತ್ತಿದ್ದಳು. ದುಂಡಗಿನದೇನೂ ಅಲ್ಲಿ ನಿಜವಾಗಿ ದುಂಡಗಿಲ್ಲ. ನವಿಲಿನ ಕತ್ತೂ ಮೆಟ್ಟಿಲು ಮೆಟ್ಟಿಲಾಗಿಯೇ ಬಾಗಬೇಕು. ಹತ್ತಿರದಿಂದ ನೋಡಿದರೆ ಚುಕ್ಕಿ, ಮಾರು ದೂರ ಸರಿದರೆ ನವಿಲು.

ಫ್ಯಾಮಿಕಾಮಿನ ಹಿನ್ನೆಲೆಯೂ ಇದೇ ಲೆಕ್ಕದ್ದು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕವೇ ಅದರ ಮೆಂತಿ. ಒಂದು ತೆರೆ ತುಂಬಲು 960 ಚೌಕ ಬೇಕು. ಕೈಯಲ್ಲಿರುವ ನಮೂನೆ 256. ಅಷ್ಟರಲ್ಲೇ ಇಟ್ಟಿಗೆ, ಕೊಳವೆ, ಕೋಟೆ, ಅಂಕಿ, ಅಕ್ಷರ ಎಲ್ಲ ಮುಗಿಯಬೇಕು, ಉಳಿದರೆ ಗುಡ್ಡಕ್ಕೆ. ಬಣ್ಣದಲ್ಲೂ ಬಿಗಿ. ಹದಿನಾರು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದ ಚೌಕಕ್ಕೆ ಒಂದೇ ಬಣ್ಣದ ಡಬ್ಬಿ, ಡಬ್ಬಿಯಲ್ಲಿ ಮೂರು ಬಣ್ಣ. ಅಂಥ ನಾಲ್ಕು ಡಬ್ಬಿ. ಎಲ್ಲಕ್ಕೂ ಹಿಂದೆ ಹಾಸುವ ಬಣ್ಣ ಒಂದು. ಆ ಒಂದನ್ನು ನೀಲಿ ಇಟ್ಟರೆ ಹಗಲು. ಮೂರನೇ ಲೋಕಕ್ಕೆ ಬರುವಾಗ ನೀಲಿ ತೆಗೆದು ಕಪ್ಪು ಇಟ್ಟರು, ರಾತ್ರಿಯಾಯಿತು. ಸೂರ್ಯ ಮುಳುಗಿಸುವುದು ಇಷ್ಟು ಅಗ್ಗಕ್ಕೆ ಬೇರೆಲ್ಲೂ ಆಗಿರಲಿಕ್ಕಿಲ್ಲ.

ಚಿಗವ್ವ ಮಗನ ಆಟದ ಮೇಲೆ ಒಮ್ಮೆ ಕಣ್ಣು ಹಾಯಿಸಿ, "ಇದೇನ್ ಬಿಡು, ಎಂಟರ ಎಣಿಕಿ" ಅಂದು ಮತ್ತೆ ಸೂಜಿಗೆ ದಾರ ಪೋಣಿಸಿದಳು. ಇದಕ್ಕಿಂತ ಹೆಚ್ಚಿನ ಪ್ರಶಸ್ತಿಯನ್ನು ಆಕೆಯ ಬಾಯಿಂದ ಯಾವ ಸೊಸೆಯೂ ಪಡೆದದ್ದಿಲ್ಲ.

ನೋಡುತ್ತ ನೋಡುತ್ತ ನನಗೆ ಇನ್ನೊಂದು ಗುಟ್ಟು ಹೊಳೆಯಿತು. ಮೊದಲು ದೊಡ್ಡ ಗುಡ್ಡ ಬರುತ್ತದೆ, ಆಮೇಲೆ ಮೂರು ತಲೆಯ ಪೊದೆ, ಆಮೇಲೆ ಸಣ್ಣ ಗುಡ್ಡ, ಒಂಟಿ ಪೊದೆ, ಜೋಡಿ ಪೊದೆ. ಮುಗಿಯಿತು. ಮತ್ತೆ ದೊಡ್ಡ ಗುಡ್ಡ. ಮೂರು ತೆರೆಯಷ್ಟು ಉದ್ದದ ಒಂದೇ ಚಿತ್ರವನ್ನು ಹಂತ ಮುಗಿಯುವತನಕ ಗಿರಕಿ ಹೊಡೆಸುತ್ತಿದ್ದರು. ಮುಂದಿನ ಇಟ್ಟಿಗೆ, ಹೊಂಡ, ಆಮೆ ಬದಲಾಗುವುದರಿಂದ ಓಡುವವನಿಗೆ ಹೊಸ ಊರಿಗೆ ಬಂದಂತೆ ಅನಿಸುತ್ತದೆ. ಈ ಜ್ಞಾನ ಕೈಗೆ ಬಂದ ಮೇಲೆ ನನ್ನ ಕಿಮ್ಮತ್ತು ಏರಿತು. ಕಣ್ಣು ಮುಚ್ಚಿ, ಹಣೆ ಉಜ್ಜಿಕೊಂಡು, "ಈಗ ಜೋಡಿ ಪೊದಿ ಬರತೈತಿ" ಅನ್ನುತ್ತಿದ್ದೆ. ಬರುತ್ತಿತ್ತು! ಪಕ್ಕದ ಮನೆಯ ಹುಡುಗರು ನನ್ನನ್ನು ಕಾಲಜ್ಞಾನಿಯ ಹಾಗೆ ನೋಡತೊಡಗಿದರು. ಆಮೆ ಎಲ್ಲಿಂದ ಬರುತ್ತದೆ ಎಂದು ಮಾತ್ರ ಹೇಳಲು ಬರುತ್ತಿರಲಿಲ್ಲ, ಅದು ನನ್ನ ವಿಷಯ ಅಲ್ಲ.

ಇದಕ್ಕೂ ಮುಂಚಿನವರ ಜಿಪುಣತನ ಇನ್ನೂ ದೊಡ್ಡದು. 1982ರಲ್ಲಿ ಅಮೆರಿಕದ ಡೇವಿಡ್ ಕ್ರೇನ್ ಎಂಬಾತ ಅಟಾರಿ ಯಂತ್ರಕ್ಕೆ ಪಿಟ್‌ಫಾಲ್ ಎಂಬ ಆಟ ಮಾಡಿದ. ಕಾಡಿನಲ್ಲಿ ಓಡುವುದು, ಬಳ್ಳಿ ಹಿಡಿದು ಮೊಸಳೆ ದಾಟುವುದು. ಕ್ಯಾಸೆಟ್ಟಿನಲ್ಲಿ ಜಾಗ ಇದ್ದದ್ದು 4 ಕಿಲೋಬೈಟು. ಕಾಡು ಮಾತ್ರ 255 ತೆರೆಯಷ್ಟು ಉದ್ದ. ಅಷ್ಟು ಕಾಡನ್ನು ಎಲ್ಲಿ ಇಟ್ಟ? ಎಲ್ಲೂ ಇಡಲಿಲ್ಲ. ಒಂದು ಅಂಕಿಯನ್ನು ಒಂದು ನಿಯಮದಂತೆ ತಿರುಚುತ್ತ ಹೋದರೆ ಮುಂದಿನ ತೆರೆ ಹುಟ್ಟುತ್ತದೆ. ಹಿಂದಕ್ಕೆ ತಿರುಚಿದರೆ ಬಿಟ್ಟುಬಂದ ತೆರೆ ಮತ್ತೆ ಸಿಗುತ್ತದೆ. ಮರ ಎಲ್ಲಿ, ಹೊಂಡ ಎಲ್ಲಿ ಎಂಬುದೆಲ್ಲ ಆ ಅಂಕಿಯೊಳಗೇ ಇತ್ತು. ನೆನಪಿಡದೆ ಕಾಡು ಬೆಳೆಸಿದ ಪುಣ್ಯಾತ್ಮ. ನಮ್ಮಲ್ಲಿ ಫೈಲಿನಲ್ಲಿ ಮಾತ್ರ ಬೆಳೆದ ಕಾಡುಗಳಿವೆ. ಅವು ಬೇರೆ ತಳಿ.

ಕಾಂಟ್ರಾ ಎಂಬ ಬಂದೂಕಿನ ಆಟವೂ ನಮ್ಮ ಹಳದಿ ಕ್ಯಾಸೆಟ್ಟಿನಲ್ಲಿತ್ತು. ಹಿಂದೆ ದಟ್ಟ ಕಾಡು, ಮುಂದೊಂದು ಹಂತದಲ್ಲಿ ಎತ್ತರದ ಜಲಪಾತ. ಜಪಾನಿನಲ್ಲಿ ಮಾರಿದ ಕಾಂಟ್ರಾದಲ್ಲಿ ಗಿಡದ ಗರಿಗಳು ಗಾಳಿಗೆ ಅಲುಗುತ್ತವೆ, ಹಿಮದ ಹಂತದಲ್ಲಿ ಹಿಮ ಬೀಸುತ್ತದೆ. ಆ ಕ್ಯಾಸೆಟ್ಟಿನೊಳಗೆ ಅದಕ್ಕೊಂದು ಹೆಚ್ಚಿನ ಚಿಪ್ ಇಟ್ಟಿದ್ದರಂತೆ. ಅಮೆರಿಕಕ್ಕೆ ಕಳಿಸಿದ್ದರಲ್ಲಿ ಗಿಡ ಗರಬಡಿದಂತೆ ನಿಂತುಬಿಟ್ಟವು. ನಮ್ಮ ಮನೆಯಲ್ಲಿ ಆ ಕೊರತೆ ಇರಲಿಲ್ಲ. ಟಿವಿಯ ಹಿಂದಿನ ವೈರು ಸಡಿಲಾಗಿತ್ತು. ಯಾರಾದರೂ ಬಾಗಿಲು ಹಾಕಿದರೆ ಗಿಡವೇನು, ಕಾಡು, ಜಲಪಾತ, ಬಂದೂಕಿನವನು, ಅವನ ಶತ್ರು ಎಲ್ಲರೂ ಕೂಡಿ ಅಲುಗುತ್ತಿದ್ದರು.

ಮಾರಿಯೋನ ಗುಡ್ಡದಲ್ಲಿ ಒಂದು ಐಬು ಇತ್ತು, ಅದು ನನಗೆ ಬಸ್ಸಿನಲ್ಲಿ ತಿಳಿಯಿತು. ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೋಗುವ ಬಸ್ಸಿನ ಎಡಗಡೆ ಕಿಟಕಿಗೆ ಕೂತು ನೋಡಿ. ಬೇಲಿಯ ಗಿಡ ಕಣ್ಣಿಗೆ ಸಿಗುವ ಮುಂಚೆ ಓಡಿಹೋಗುತ್ತದೆ. ಬತ್ತದ ಗದ್ದೆ ಸಾವಕಾಶ ಹಿಂದೆ ಸರಿಯುತ್ತದೆ. ಅದರಾಚೆಯ ಗುಡ್ಡ ಸರಿದೂ ಸರಿಯದಂತೆ ಸರಿಯುತ್ತದೆ. ಬೆಳ್ಳಂಬೆಳಗಿನ ಬಸ್ಸಾದರೆ ಚಂದ್ರ ಮಾತ್ರ ಟಿಕೀಟು ತೆಗೆಸಿದವನ ಹಾಗೆ ನಮ್ಮ ಜೊತೆಗೇ ಬರುತ್ತಾನೆ. ಹತ್ತಿರದ್ದಕ್ಕೆ ಅವಸರ, ದೂರದ್ದಕ್ಕೆ ಪುರುಸೊತ್ತು. ಮಾರಿಯೋನ ಲೋಕದಲ್ಲಿ ಇಟ್ಟಿಗೆಯೂ ಗುಡ್ಡವೂ ಮೋಡವೂ ಒಂದೇ ಓಟ. ಕಾರಣ ಇಷ್ಟೇ, ಆ ಯಂತ್ರ ಹಿಂದಿನ ಚಿತ್ರವನ್ನು ಒಂದೇ ಪದರಾಗಿ ಎಳೆಯುತ್ತಿತ್ತು. ನವಲಗುಂದದ ಕಡೆಯವರಿಗೆ ಇದು ತಪ್ಪೆಂದು ಅನಿಸಲಿಕ್ಕಿಲ್ಲ. ಅಲ್ಲಿ ಎರಿ ಹೊಲ ಶುರುವಾದರೆ ಆಕಾಶ ಮುಟ್ಟಿದ ಮೇಲೇ ನಿಲ್ಲುವುದು. ನಡುವೆ ಇನ್ನೊಂದು ಪದರು ಹಾಕಲು ದೇವರಿಗೂ ಮನಸ್ಸಾಗಿಲ್ಲ. ಅರೆಮಲೆನಾಡಿನ ನನ್ನಂಥವನಿಗೆ ಮಾತ್ರ ಕಿರಿಕಿರಿ.

ಈ ಪದರಿನ ಉಪಾಯ ಹಳೆಯದೇ. ವಾಲ್ಟ್ ಡಿಸ್ನಿಯ ಸ್ಟುಡಿಯೋದವರು 1937ರಲ್ಲಿ ಗಾಜಿನ ಹಲಗೆಗಳ ಮೇಲೆ ಕಾಡು, ಮರ, ಚಂದ್ರ ಬೇರೆ ಬೇರೆ ಬರೆದು, ಒಂದರ ಕೆಳಗೊಂದು ಇಟ್ಟು, ಮೇಲಿನಿಂದ ಕ್ಯಾಮೆರಾ ಹಿಡಿದು ದಿ ಓಲ್ಡ್ ಮಿಲ್ ಎಂಬ ಕಿರುಚಿತ್ರ ಮಾಡಿದರು. ಆಟದಲ್ಲಿ ಅದನ್ನು ಮೊದಮೊದಲು ತೋರಿಸಿಕೊಟ್ಟದ್ದು ಇರೆಮ್ ಕಂಪನಿಯ ಮೂನ್ ಪ್ಯಾಟ್ರೋಲ್, 1982ರಲ್ಲಿ. ಚಂದ್ರನ ಮೇಲೆ ಗಾಡಿ ಕುಪ್ಪಳಿಸುತ್ತ ಓಡುತ್ತದೆ, ಹಿಂದಿನ ಬೆಟ್ಟಗಳು ನಿಧಾನ ಬರುತ್ತವೆ. 1991ರಲ್ಲಿ ಬಂದ ಸೆಗಾದವರ ಸೋನಿಕ್‌ನಲ್ಲಂತೂ ದೂರದ ನೀರಿನ ಒಂದೊಂದು ಗೆರೆಯೂ ಒಂದೊಂದು ವೇಗದಲ್ಲಿ ಸರಿಯುತ್ತದೆ. ಅದರ ಹಿನ್ನೆಲೆ ಚಿತ್ರಕಾರರಲ್ಲಿ ಒಬ್ಬಾಕೆ ರಿಯೆಕೊ ಕೊಡಾಮಾ. ಆಟದ ಕೊನೆಯಲ್ಲಿ ಬರುವ ಹೆಸರುಪಟ್ಟಿಯಲ್ಲಿ ಆಕೆಯ ಹೆಸರು ಹುಡುಕಿದರೆ ಸಿಗುವುದಿಲ್ಲ. ಫೀನಿಕ್ಸ್ ರಿಯೆ ಎಂಬ ಅಡ್ಡಹೆಸರು ಇದೆ. ಸೋನಿಕ್ ಎಂಬ ನೀಲಿ ಮುಳ್ಳುಹಂದಿಯನ್ನು ಜಗತ್ತೇ ಬಲ್ಲದು. ಅದು ಓಡುವಾಗ ಹಿಂದೆ ಕಾಣುವ ಚಿತ್ರಗಳಿಗೆ ಕೈಜೋಡಿಸಿದಾಕೆಯನ್ನು ಬಲ್ಲವರು ಎಷ್ಟು ಜನ?

ಹೆಸರಿನ ಮಾತು ಬಂದಾಗ ನನಗೆ ನಾಟಕದ ಪರದೆ ನೆನಪಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಯಾವ ಮಾತು ಬಂದರೂ ನಾಟಕದ ಪರದೆ ನೆನಪಾಗುತ್ತದೆ. ನಮ್ಮ ಸೀಮೆಯೇ ಅಂಥದ್ದು. 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದರು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಶಾಕುಂತಲದಿಂದ ನೆಲೆ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆಮೇಲೆ ಗರೂಡ ಸದಾಶಿವರಾಯರು, ಕಲಾವೈಭವ ನಾಟ್ಯಸಂಘದ ಏಣಗಿ ಬಾಳಪ್ಪನವರು. ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದರು. ಪರದೆ ಏಳುವುದನ್ನೂ ಬೀಳುವುದನ್ನೂ ಅವರಷ್ಟು ಕಾಲ ಕಂಡವರು ಅಪರೂಪ. ದೊಡ್ಡ ಕಂಪನಿ ಬರದ ಊರುಗಳಲ್ಲಿ ಜಾತ್ರೆಗೆ ಊರವರೇ ಬಣ್ಣ ಹಚ್ಚುತ್ತಾರೆ. ಹಾರ್ಮೋನಿಯಂ ಮಾಸ್ತರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾನೆ. ನಟಿಯರು ಬಾಡಿಗೆಗೆ ಬರುತ್ತಾರೆ, ಪರದೆಗಳೂ ಬಾಡಿಗೆಗೇ ಬರುತ್ತವೆ.

ಪರದೆಗಳು ಟ್ರ್ಯಾಕ್ಟರಿನಲ್ಲಿ ಬಂದಿಳಿಯುವುದನ್ನು ನೋಡಬೇಕು. ಬಿದಿರಿಗೆ ಸುತ್ತಿದ ಉದ್ದುದ್ದ ಸುರುಳಿಗಳು. ಅರಮನೆ ಒಂದು ಸುರುಳಿ, ಕಾಡು ಒಂದು, ತೋಟ ಒಂದು, ಬಡವನ ಗುಡಿಸಲು ಒಂದು, ಎಲ್ಲಕ್ಕೂ ಮುಂದೆ ರೋಡ್ ಸೀನು. ನಾನು ಬಿಚ್ಚುವಾಗಲೇ ಹೋಗಿ ನಿಲ್ಲುತ್ತಿದ್ದೆ. ಹತ್ತಿರ ಹೋದರೆ ಅರಮನೆ ಕಂಬ ಅಂದರೆ ಸುಣ್ಣದಂಥ ಬಿಳಿಯ ಒಂದು ಪಟ್ಟೆ, ಪಕ್ಕದಲ್ಲಿ ಕಂದು ಬಣ್ಣದ ಒಂದು ಪಟ್ಟೆ, ನಡುವೆ ಬ್ರಷ್ಷು ಒಣಗುತ್ತ ಬಂದ ಗೀರು. ಹತ್ತು ಹೆಜ್ಜೆ ಹಿಂದೆ ಬಂದರೆ ಕಂಬ ದುಂಡಗಾಗಿ ಎದ್ದು ನಿಲ್ಲುತ್ತದೆ. ಕಾಡಿನ ಪರದೆಯಲ್ಲಿ ಬಳ್ಳಿಗಿಂತ ಹೊಲಿಗೆ ಹೆಚ್ಚು. ಹರಿದಲ್ಲೆಲ್ಲ ತೇಪೆ, ತೇಪೆಯ ಮೇಲೆ ಮತ್ತೊಂದು ಎಲೆ. ಕೆಳಮೂಲೆಯಲ್ಲಿ ಕಾಲಿನ ಧೂಳು ಕೂಡುವ ಜಾಗದಲ್ಲಿ ಸಣ್ಣ ಅಕ್ಷರದ ಹೆಸರು, ಅದರ ಕೆಳಗೆ ಊರು. ಹ್ಯಾಂಡ್‌ಬಿಲ್ಲಿನಲ್ಲಿ ನಾಯಕನ ಹೆಸರು ಬೆರಳು ದಪ್ಪ, ಗ್ಯಾಸ್‌ಲೈಟಿನವನ ಹೆಸರೂ ಇರುತ್ತಿತ್ತು. ಪರದೆ ಬರೆದವನಿಗೆ ಆ ಮೂಲೆಯೇ ಗತಿ.

ರೋಡ್ ಸೀನಿನ ಮಹಿಮೆ ಬೇರೆಯದೇ. ಮುಂದೆ ಅದನ್ನು ಇಳಿಬಿಟ್ಟು ಹಾಸ್ಯದವರು ಗದ್ದಲ ಮಾಡುತ್ತಿರಬೇಕು, ಹಿಂದೆ ದರ್ಬಾರಿನ ಸಜ್ಜು ನಡೆದಿರಬೇಕು. ಸಿಂಹಾಸನ ಇನ್ನೂ ಬಂದಿಲ್ಲ ಅಂದರೆ ಹಾಸ್ಯ ಇನ್ನಷ್ಟು ಉದ್ದ. ಸಿಂಹಾಸನ ಸಿಕ್ಕದೆ ಗೌಡರ ಮನೆಯಿಂದ ಕುರ್ಚಿ ತರಿಸಬೇಕಾದ ವರ್ಷ ನಮ್ಮೂರ ಹಾಸ್ಯಗಾರ ತನಗೆ ಗೊತ್ತಿದ್ದ ಜೋಕುಗಳನ್ನೆಲ್ಲ ಮುಗಿಸಿ, ಕೊನೆಗೆ ಸೊಸೈಟಿಯ ಸಾಲದ ಬಾಕಿದಾರರ ಪಟ್ಟಿ ಹೇಳತೊಡಗಿದ. ಚಪ್ಪಾಳೆ ಅದಕ್ಕೇ ಹೆಚ್ಚು ಬಿತ್ತು. ಆಗ ನನಗೆ ತಿಳಿದದ್ದು, ಪರದೆ ಊರು ತೋರಿಸುವುದಕ್ಕಿಂತ ಕೊರತೆ ಮುಚ್ಚುವುದಕ್ಕೆ ಹೆಚ್ಚು ಬೇಕು ಎಂಬುದು. ಬಣ್ಣದ ರಸ್ತೆಯ ಹಿಂದೆ ಕುರ್ಚಿ ಇರುವುದಿಲ್ಲ. ಬಣ್ಣದ ಗುಡ್ಡದ ಹಿಂದೆ ಕಿಲೋಬೈಟು ಇರುವುದಿಲ್ಲ.

ಮಿಯಾಮೊಟೊಗೂ ನಮ್ಮ ಜಾತ್ರೆಯ ನಾಟಕಕ್ಕೂ ಏನು ಸಂಬಂಧ ಎಂದು ನೀವು ಕಟ್ಟೆ ಇಳಿದು ಹೊರಡುವ ಮುಂಚೆ ಒಂದು ಮಾತು ಕೇಳಿ. 1988ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 3 ಬಂತು. ಶುರುವಾಗುವಾಗ ತೆರೆಯ ಮೇಲೆ ಒಂದು ಪರದೆ ಇರುತ್ತದೆ, ಅಪ್ಪಟ ನಾಟಕದ ಪರದೆ. ಅದು ಮೇಲೇಳುತ್ತದೆ. ಒಳಗೆ ಹೋಗಿ ನೋಡಿದರೆ ದೊಡ್ಡ ದೊಡ್ಡ ಬಣ್ಣದ ಹಲಗೆಗಳ ಮೂಲೆಗಳಿಗೆ ಬೋಲ್ಟು ಜಡಿದಿದೆ. ಹಲಗೆಗಳ ನೆರಳು ಹಿಂದಿನ ಆಕಾಶದ ಮೇಲೆ ಬಿದ್ದಿದೆ. ಆಕಾಶದ ಮೇಲೆ ನೆರಳು ಬೀಳಬೇಕಾದರೆ ಅದು ಆಕಾಶ ಹೌದೋ, ಬಟ್ಟೆಯೋ? ಹಂತ ಮುಗಿಯುವಾಗ ಚಿತ್ರವೂ ಮುಗಿದು ಕಪ್ಪು ಜಾಗ ಬರುತ್ತದೆ, ಮಾರಿಯೋ ಬಲಗಡೆಗೆ ನಡೆದು ಮರೆಯಾಗುತ್ತಾನೆ, ನಮ್ಮ ನಾಯಕರು ಸೈಡ್ ವಿಂಗಿನೊಳಗೆ ನುಸುಳುವ ಹಾಗೆ. ಇದೆಲ್ಲ ನಾಟಕವೇ ಇರಬೇಕು ಎಂದು ಜನ ಬಹಳ ದಿನ ಅಂದುಕೊಂಡಿದ್ದರು. 2015ರಲ್ಲಿ ಒಂದು ವಿಡಿಯೋದಲ್ಲಿ ಮಿಯಾಮೊಟೊನನ್ನೇ ಕೇಳಿದಾಗ ಆತ ತಲೆಯಾಡಿಸಿ ಹೌದೆಂದ. ಅದನ್ನು ನೋಡಿದ ದಿನ ನಾನು ಮನೆಯಲ್ಲಿ ಸಿಹಿ ಮಾಡಿಸಬೇಕೆಂದಿದ್ದೆ. ಕಾರಣ ಕೇಳಿದ ಮೇಲೆ ಮನೆಯಾಕೆ ಉಪ್ಪಿಟ್ಟು ಮಾಡಿದಳು.

ಸುಳ್ಳು ಚಿತ್ರದ ಮುಂದೆ ನಿಲ್ಲುವ ಚಟ ನಮ್ಮ ಮನೆತನದ್ದೇ ಇರಬೇಕು. ಅಜ್ಜನದೊಂದು ಫೋಟೋ ಇದೆ, ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಧೋತರ, ರುಮಾಲು, ಕೈಯಲ್ಲಿ ಕೊಡೆ. ಹಿಂದಿನ ಪರದೆಯಲ್ಲಿ ಸರೋವರ, ಎರಡು ಹಂಸ, ಹಿಮದ ಬೆಟ್ಟ. ಇಷ್ಟು ನೀರು ನೋಡಿದರೆ ನೀರಾವರಿಯ ಪ್ರಶ್ನೆ ಎತ್ತದೆ ಬಿಡುವ ಮನುಷ್ಯನಲ್ಲ ಅಜ್ಜ. ಆದರೂ ಆ ಫೋಟೋದಲ್ಲಿ ಸುಮ್ಮನೆ, ಬಿಗುವಾಗಿ, ಹಂಸಗಳು ತನ್ನವೇ ಎಂಬಂತೆ ನಿಂತಿದ್ದಾನೆ. ಇನ್ನು ತೊಟ್ಟಿಲ ವಿಷಯ. ಕಲಘಟಗಿಯ ತೊಟ್ಟಿಲು ಎಂದರೆ ನಾಡಿಗೇ ಗೊತ್ತು. ಅರಗಿನ ಬಣ್ಣ, ಹಲಗೆಯ ತುಂಬ ಕೃಷ್ಣನ ಕತೆ, ರಾಮಾಯಣದ ಕತೆ, ತಲೆಮಾರು ಕಳೆದರೂ ಮಾಸದ ಮೆರುಗು. ಒಳಗೆ ಮಲಗಿದ ಕೂಸಿಗೆ ಆ ಕತೆ ತಿಳಿಯುವುದಿಲ್ಲ, ಹೊರಗಿನ ಹಲಗೆಯ ಚಿತ್ರ ಅದಕ್ಕೆ ಕಾಣುವುದೂ ಇಲ್ಲ. ಹಾಗಿದ್ದರೂ ಬಡಿಗೇರರು ಒಂದು ಗೆರೆ ಕಡಿಮೆ ಬರೆದದ್ದಿಲ್ಲ.

ನನ್ನ ಅಣ್ಣನ ಮಗ ಆಡುವ ಈಗಿನ ಆಟಗಳನ್ನೂ ನೋಡಿದ್ದೇನೆ. ಹುಲ್ಲಿನ ಗರಿ ಗರಿಯೂ ಬೇರೆ ಬೇರೆ ಅಲುಗುತ್ತದೆ. ಮಳೆ ಬಂದರೆ ರಸ್ತೆ ಒದ್ದೆಯಾಗಿ ಅದರಲ್ಲಿ ದೀಪ ಕಾಣುತ್ತದೆ. ಅಜ್ಜ ಇದ್ದಿದ್ದರೆ ಮಳೆಯ ಬಾಬತ್ತಿನಲ್ಲಾದರೂ ಸಮಾಧಾನ ಪಡುತ್ತಿದ್ದ. ಇಂಥ ಕೆಲಸದಲ್ಲಿ ನಮ್ಮವರ ಕೈಯೂ ಇದೆ. ರಾಜೇಶ್ ರಾವ್ ಎಂಬುವವರು 1997ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರ್ಯಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಎಂಬ ಕಾರಿನ ಆಟಕ್ಕೆ ಚಿತ್ರಕೆಲಸ ಮಾಡಿಕೊಟ್ಟಿದ್ದಾರೆ. ಆ ಸಂಸ್ಥೆಯನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್‌ನವರು ಕೊಂಡುಕೊಂಡರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಕೆಲಸಕ್ಕೆ ಹೋದವರು ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ಕಾರು ಬರೆದದ್ದು ಸಹಜವೇ.

ಹುಡುಗ ಹೆಮ್ಮೆಯಿಂದ ತೋರಿಸಿದ: "ಕಾಕಾ, ಆ ದೂರದ ಗುಡ್ಡ ಐತೆಲ್ಲಾ, ಅಲ್ಲೀತನಾ ಹೋಗಬಹುದು." ಹೋಗಿಯೂ ಬಿಟ್ಟ. ಹತ್ತಿರ ಹೋದಾಗ ಅಲ್ಲಿ ಕಲ್ಲು ಇತ್ತು, ಕಳ್ಳರಿದ್ದರು, ಮಾಡಬೇಕಾದ ಕೆಲಸಗಳ ಒಂದು ಪಟ್ಟಿಯೂ ಇತ್ತು. ದೂರದ ಗುಡ್ಡ ಕಣ್ಣಿಗೆ ನುಣ್ಣಗೆ ಎಂದು ಗಾದೆ ಮಾಡಿದವರು ಹತ್ತಿರ ಹೋಗಿ ಬಂದ ಮೇಲೇ ಮಾಡಿರಬೇಕು. ನನ್ನ ವಾದ ಇಷ್ಟೇ: ಹೋಗಲಿಕ್ಕೆ ಬರುವ ಗುಡ್ಡ ಆಟದ್ದು, ಹೋಗಲಿಕ್ಕೆ ಬಾರದ ಗುಡ್ಡ ನೋಡುವವನದು. ಕಿಲೋಬೈಟು ಎಣಿಸಿ ಎಣಿಸಿ ಖರ್ಚು ಮಾಡುವ ಮನೆಯಲ್ಲಿ, ಯಾರಿಗೂ ಅಂಕ ಕೊಡದ, ಯಾರನ್ನೂ ಕೊಲ್ಲದ ಒಂದು ಮೋಡಕ್ಕೂ ಒಂದಷ್ಟು ಚೌಕ ತೆಗೆದಿಟ್ಟಿದ್ದರಲ್ಲ, ಅದು ದೊಡ್ಡ ಮನಸ್ಸು. ಹುಡುಗ ಪೂರ್ತಿ ಕೇಳಿಸಿಕೊಂಡು, "ಹಂಗಾರ ನೀವು ಗೆಲ್ಲೂದು ಯಾವಾಗ್ರೀ?" ಅಂದ. ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು, ಮಕ್ಕಳು ಕೆಡುತ್ತಾರೆ.

ಈ ವಾದವನ್ನು ಊರಲ್ಲಿ ಮಾಡಿ ಈಗ ಸಿಕ್ಕಿಬಿದ್ದಿದ್ದೇನೆ. ಈ ಸಲದ ಜಾತ್ರೆಯ ನಾಟಕಕ್ಕೆ ಪರದೆ ಬೇಡ, ಎಲ್‌ಇಡಿ ತೆರೆ ತರಿಸೋಣ ಎಂದು ಹುಡುಗರು ಹಟ ಹಿಡಿದಿದ್ದಾರೆ. ಗುಂಡಿ ಒತ್ತಿದರೆ ಅರಮನೆ, ಒತ್ತಿದರೆ ಕಾಡು, ಕಾಡಿನಲ್ಲಿ ಜಿಂಕೆ ಓಡಾಡುತ್ತದಂತೆ. ಪಂಚರ ಸಭೆಯಲ್ಲಿ ಎದ್ದು ನಿಂತು ನಾನು ಬ್ರಷ್ಷಿನ ಗೀರು, ಮೆಂತಿ ಹೊಲಿಗೆ, 40 ಕಿಲೋಬೈಟು ಎಲ್ಲ ಹೇಳಿದೆ. ಒಬ್ಬರಿಗೂ ನಾಟಲಿಲ್ಲ. ಕೊನೆಗೆ ನನ್ನ ಮಾನ ಉಳಿಸಿದ್ದು ಹಾಸ್ಯದ ಪಾರ್ಟಿನವನು. "ಎಲ್‌ಇಡಿ ಹಿಂದ ಕುರ್ಚಿ ಜೋಡಸಾಕ ಬರತೈತೇನ್ರಿ? ಡೈಲಾಗ್ ಮರತ್ರ ಮಾಸ್ತರು ಎಲ್ಲಿ ನಿಂತು ಹೇಳಿಕೊಡಬೇಕು?" ಎಂದು ಕೇಳಿದ. ಸಭೆಯ ಬಾಯಿ ಕಟ್ಟಿತು. ಕಡೆಗೆ ರಾಜಿಯಾಯಿತು: ಹಿಂದೆ ಎಲ್‌ಇಡಿ, ಮುಂದೆ ಹಳೆಯ ರೋಡ್ ಸೀನು. ಪರದೆಯ ಮೇಲೆ ಇಷ್ಟು ಪ್ರೀತಿ ಇರುವವನೇ ಅದರ ಹಗ್ಗ ಹಿಡಿಯಲಿ ಎಂದು ನನ್ನ ಹೆಸರನ್ನೂ ಬರೆದುಕೊಂಡರು. ನಾನು ಉಬ್ಬಿ ಒಪ್ಪಿಕೊಂಡೆ. ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು, ಹಗ್ಗ ಜಗ್ಗುವವನು ನಿಲ್ಲುವುದು ಪರದೆಯ ಹಿಂದೆ. ಅಲ್ಲಿಂದ ರಸ್ತೆಯೂ ಕಾಣುವುದಿಲ್ಲ, ಮನೆಯೂ ಕಾಣುವುದಿಲ್ಲ, ಬರೇ ತೇಪೆ. ಚಹಾ ಮಾತ್ರ ಮೊದಲು ಅಲ್ಲಿಗೇ ಬರುತ್ತದಂತೆ.